ಕಡಲ ಚಿತ್ರ ಎಲ್ಲಿ ಕೆಟ್ಟಿದೆ? ಲಕ್ಷಣ ನೋಡಿ ತಪ್ಪು ಹುಡುಕುವ ಕೈಪಿಡಿ

ಕಡಲಿನ ಚಿತ್ರ ಸರಿ ಬರದಿದ್ದಾಗ ನಾವು ಮೊದಲು ಮಾಡುವ ಕೆಲಸ ಅಲೆಗೆ ಇನ್ನಷ್ಟು ಬಿಳಿ ಬಳಿಯುವುದು. ನಾನೂ ವರ್ಷಗಟ್ಟಲೆ ಅದನ್ನೇ ಮಾಡಿದೆ. ಟೈಟಾನಿಯಂ ವೈಟ್ ಟ್ಯೂಬ್ ಖಾಲಿಯಾಗುತ್ತಿತ್ತು, ಅಲೆ ಮಾತ್ರ ಸೋಪಿನ ನೊರೆಯಾಗಿಯೇ ಉಳಿಯುತ್ತಿತ್ತು. ಆಮೇಲೆ ಗೊತ್ತಾಯಿತು, ಕಣ್ಣಿಗೆ ಚುಚ್ಚುವ ಜಾಗ ಒಂದು, ತಪ್ಪು ಕೂತಿರುವ ಜಾಗ ಇನ್ನೊಂದು. ದೋಣಿ ಸರಿಯಿಲ್ಲ ಅನ್ನಿಸಿದರೆ ತಪ್ಪು ಎಷ್ಟೋ ಸಲ ದಿಗಂತದ ಗೆರೆಯಲ್ಲಿರುತ್ತದೆ. ನೊರೆ ಸತ್ತ ಹಾಗಿದ್ದರೆ ಅದರ ಪಕ್ಕದ ಮರಳನ್ನು ನೋಡಬೇಕು.

ಇಲ್ಲಿ ಹೇಳುವುದೆಲ್ಲ ಮಲ್ಪೆ, ಗಂಗೊಳ್ಳಿ, ಮರವಂತೆ ಕಡೆ ಕೂತು ಮಾಡುವಂಥ ಚಿತ್ರಗಳಿಗೆ. ಅಂದರೆ ದೋಣಿ, ಬಲೆ ಎಳೆಯುವ ಜನ, ಅಲೆ, ಮರಳು ಇರುವಂಥವು. ಎಣ್ಣೆ ಬಣ್ಣಕ್ಕೂ ಅಕ್ರಿಲಿಕ್‌ಗೂ ಹೊಂದುತ್ತದೆ. ವ್ಯತ್ಯಾಸ ಇರುವಲ್ಲಿ ಬೇರೆ ಹೇಳಿದ್ದೇನೆ.

## ಬ್ರಷ್ ಮುಟ್ಟುವ ಮೊದಲು

ಮೂರು ಪರೀಕ್ಷೆ, ಮೂರಕ್ಕೂ ಕಾಸು ಬೇಡ. ಚಿತ್ರದಿಂದ 3 ಮೀಟರ್ ಹಿಂದೆ ಸರಿದು ನೋಡಿ. ಆಮೇಲೆ ಬಚ್ಚಲ ಮನೆಯ ಕನ್ನಡಿಯಲ್ಲಿ ನೋಡಿ. ವಾಲಿದ ದಿಗಂತ, ಸೊಟ್ಟ ದೋಣಿ ತಕ್ಷಣ ಬಯಲಾಗುತ್ತವೆ. ಕೊನೆಗೆ ಮೊಬೈಲಲ್ಲಿ ಫೋಟೋ ತೆಗೆದು ಕಪ್ಪು-ಬಿಳುಪು ಮಾಡಿ. ಆಕಾಶ, ಕಡಲು, ಮರಳು ಮೂರೂ ಒಂದೇ ಬೂದು ಬಣ್ಣವಾಗಿ ಕಂಡರೆ ತೊಂದರೆ ಬಣ್ಣದ್ದಲ್ಲ, ಬೆಳಕು-ಕತ್ತಲೆಯದ್ದು. ಹಾಗಿದ್ದಾಗ ಎಷ್ಟು ಚಂದದ ನೀಲಿ ಹಾಕಿದರೂ ಪ್ರಯೋಜನ ಇಲ್ಲ.

ಚಿತ್ರವನ್ನು ತಲೆಕೆಳಗು ಮಾಡಿ ನೋಡುವುದೂ ಒಳ್ಳೆಯದೇ. ಮನೆಯವರು ನಗುತ್ತಾರೆ, ನಗಲಿ ಬಿಡಿ.

## "ಸಮುದ್ರ ಗೋಡೆಯ ಹಾಗೆ ಎದ್ದು ನಿಂತಿದೆ"

ಮೊದಲು ಸ್ಕೇಲ್ ತೆಗೆದುಕೊಳ್ಳಿ. ಕ್ಯಾನ್ವಾಸಿನ ಮೇಲಂಚಿನಿಂದ ದಿಗಂತದವರೆಗೆ ಎಡಗಡೆ ಎಷ್ಟು, ಬಲಗಡೆ ಎಷ್ಟು ಅಳೆಯಿರಿ. 2 ಮಿಲಿಮೀಟರ್ ವ್ಯತ್ಯಾಸ ಇದ್ದರೂ ನೀರು ಒಂದು ಕಡೆ ಚೆಲ್ಲಿ ಹೋಗುವಂತೆ ಕಾಣುತ್ತದೆ. ಇನ್ನೊಂದು ಕಳ್ಳ ತಪ್ಪಿದೆ. ದಿಗಂತದ ಗೆರೆ ದೋಣಿಯ ಎಡಕ್ಕೆ ಒಂದು ಎತ್ತರದಲ್ಲಿ ಒಳಗೆ ಹೋಗಿ, ಬಲಕ್ಕೆ ಇನ್ನೊಂದು ಎತ್ತರದಲ್ಲಿ ಹೊರಗೆ ಬರುತ್ತದೆ. ಸುಮ್ನೆ ಕೈಯಲ್ಲಿ ಎಳೆದರೆ ಹೀಗಾಗುವುದು ಗ್ಯಾರಂಟಿ. ಎರಡು ಕಡೆ ಮಾಸ್ಕಿಂಗ್ ಟೇಪ್ ಹಚ್ಚಿ ಸರಿಮಾಡಿ.

ಗೆರೆ ಸರಿ ಇದ್ದರೆ ಅಲೆಗಳ ನಡುವಿನ ಅಂತರ ನೋಡಿ. ಎಲ್ಲ ಅಲೆಗಳ ನಡುವೆ ಒಂದೇ ಅಂತರ ಬಿಟ್ಟರೆ ಕಡಲು ಮೆಟ್ಟಿಲಾಗುತ್ತದೆ. ಹತ್ತಿರದ ಎರಡು ಅಲೆಗಳ ನಡುವೆ 5 ಸೆಂಟಿಮೀಟರ್ ಇದ್ದರೆ ಅದರ ಹಿಂದಿನದಕ್ಕೆ 2, ಅದರ ಹಿಂದೆ 7 ಮಿಲಿಮೀಟರ್, ಆಮೇಲೆ ಬರೀ ಬಣ್ಣ. ದೂರದಲ್ಲಿ ಬಿಳಿ ಚುಕ್ಕೆ ಇಡಲು ಕೈ ತುರಿಸುತ್ತದೆ. ಇಡಬೇಡಿ.

ಇದೂ ಸರಿ ಇದ್ದು ಕಡಲು ಇನ್ನೂ ಎದ್ದು ನಿಂತಿದ್ದರೆ, ಎರಡು ಫೋಟೋ ಬೆರೆಸಿದ್ದೀರಾ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ನೀರಿನಂಚಿನಲ್ಲಿ ನಿಂತವನ ಕಣ್ಣು ನೀರಿನಿಂದ 1.6 ಮೀಟರ್ ಎತ್ತರದಲ್ಲಿದ್ದರೆ ಅವನಿಗೆ ದಿಗಂತ ಸುಮಾರು 4.5 ಕಿಲೋಮೀಟರ್ ದೂರ. 25 ಮೀಟರ್ ಎತ್ತರಕ್ಕೆ ಹತ್ತಿದರೆ ಸುಮಾರು 18 ಕಿಲೋಮೀಟರ್. ಎತ್ತರದಿಂದ ನೋಡಿದರೆ ನೀರು ಅಗಲವಾಗಿ ಹರಡಿಕೊಳ್ಳುತ್ತದೆ, ಮರಳಿನ ಮೇಲೆ ನಿಂತು ನೋಡಿದರೆ ತೆಳುವಾದ ಪಟ್ಟಿ. ಕಾಪು ದೀಪಸ್ತಂಭದ ಮೇಲಿಂದ ತೆಗೆದ ಕಡಲಿಗೆ ಮರಳಿನ ಮೇಲೆ ನಿಂತು ತೆಗೆದ ಜನರನ್ನು ಅಂಟಿಸಿದರೆ ಎಷ್ಟು ತಿದ್ದಿದರೂ ಕೂಡುವುದಿಲ್ಲ. ಅಲ್ಲಿಗೆ ನಿಲ್ಲಿಸಿ, ಎರಡರಲ್ಲಿ ಒಂದನ್ನು ಬಿಡಿ.

## "ಜನ ಗಾಳಿಯಲ್ಲಿ ತೇಲ್ತಿದ್ದಾರೆ, ಇಲ್ಲಾ ರಾಕ್ಷಸರ ಥರ ಕಾಣ್ತಾರೆ"

ಜಾಸ್ತಿ ಚಿತ್ರಗಳು ಕೆಡುವುದು ಇಲ್ಲೇ. ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಸಮತಟ್ಟು ಮರಳಿನಲ್ಲಿ ನೀವು ನಿಂತು ನೋಡಿದರೆ, ನಿಮ್ಮಷ್ಟೇ ಎತ್ತರದವರ ಕಣ್ಣು ದಿಗಂತದ ಗೆರೆಗೆ ಸರಿಯಾಗಿ ಬರುತ್ತದೆ. ಅವರು 5 ಮೀಟರ್ ದೂರ ಇರಲಿ, 200 ಮೀಟರ್ ಇರಲಿ. ದೂರ ಹೋದಂತೆ ಕಾಲು ಮೇಲೆ ಬರುತ್ತದೆ, ತಲೆ ಅಲ್ಲೇ ಇರುತ್ತದೆ. ಸ್ಟೂಲಿನ ಮೇಲೆ ಕೂತು ನೋಡಿದರೆ ದಿಗಂತ ನಿಂತವರ ಎದೆಯ ಹತ್ತಿರ ಹಾದುಹೋಗುತ್ತದೆ. ಎಲ್ಲರಿಗೂ ಒಂದೇ ಮಟ್ಟದಲ್ಲಿ ಹಾಯಬೇಕು. ಒಬ್ಬನ ಎದೆಗೆ, ಇನ್ನೊಬ್ಬನ ಮೊಣಕಾಲಿಗೆ ಹಾದಿದ್ದರೆ ಎರಡನೆಯವನು ದೈತ್ಯ.

ಇಷ್ಟು ಪುಸ್ತಕದಲ್ಲಿ ಸಿಗುತ್ತದೆ. ಆದರೆ ನಮ್ಮ ಕಡಲ ತೀರ ಮೇಜಿನ ಹಾಗಿಲ್ಲವಲ್ಲ, ನೀರಿನ ಕಡೆಗೆ ಇಳಿಜಾರು. ನೀವು ನೀರಿಗಿಂತ 1 ಮೀಟರ್ ಎತ್ತರದ ದಿಬ್ಬದ ಮೇಲೆ ನಿಂತಿದ್ದರೆ ನಿಮ್ಮ ಕಣ್ಣು ನೀರಿನಿಂದ 2.6 ಮೀಟರ್ ಮೇಲಿರುತ್ತದೆ. ನೀರಿನಂಚಿನಲ್ಲಿ ನಿಂತವನ ಎತ್ತರ 1.65 ಮೀಟರ್ ಅಂತಿಟ್ಟುಕೊಳ್ಳಿ. ಅವನ ಕಾಲಿನಿಂದ ದಿಗಂತದವರೆಗಿನ ಅಂತರವನ್ನು 5 ಪಾಲು ಮಾಡಿದರೆ ಅವನು 3 ಪಾಲಿಗಿಂತ ತುಸು ಜಾಸ್ತಿ. ತಲೆ ದಿಗಂತಕ್ಕಿಂತ ಕೆಳಗೇ. ಇದನ್ನು ಮರೆತು ನೀರಿನಂಚಿನವರ ತಲೆಯನ್ನೂ ದಿಗಂತಕ್ಕೆ ಮುಟ್ಟಿಸಿದರೆ ಅವರು ಎರಡೂವರೆ ಮೀಟರಿನ ಆಳುಗಳಾಗುತ್ತಾರೆ.

ಇದೇ ಲೆಕ್ಕ ದೋಣಿಗೂ ಹೊಂದುತ್ತದೆ. ನಿಮ್ಮ ಕಣ್ಣು ನೀರಿನಿಂದ 2.6 ಮೀಟರ್ ಮೇಲಿದ್ದರೆ, ಅದಕ್ಕಿಂತ ಗಿಡ್ಡ ಇರುವ ಯಾವುದೂ ದಿಗಂತವನ್ನು ದಾಟಿ ಆಕಾಶಕ್ಕೆ ಬರುವುದಿಲ್ಲ, ಎಷ್ಟು ಹತ್ತಿರ ಬಂದರೂ. ಸಣ್ಣ ಪಾತಿ ದೋಣಿಯಲ್ಲಿ ನಿಂತು ಹುಟ್ಟು ಹಾಕುವವನ ತಲೆಯೂ ನೀರಿನ ಹಿನ್ನೆಲೆಯಲ್ಲೇ ಇರಬೇಕು. ಟ್ರಾಲ್ ಬೋಟಿನ (ಬಲೆ ಎಳೆಯುತ್ತಾ ಸಾಗುವ ದೊಡ್ಡ ಯಾಂತ್ರಿಕ ಬೋಟು) ಕ್ಯಾಬಿನ್ ಮಾತ್ರ ಯಾವಾಗಲೂ ಆಕಾಶಕ್ಕೆ ಚಾಚಿರುತ್ತದೆ, ಎಷ್ಟು ದೂರ ಇದ್ದರೂ. ನಿಮ್ಮ ಚಿತ್ರದಲ್ಲಿ ದೂರದ ಬೋಟು ಪೂರ್ತಿ ನೀರಿನೊಳಗೇ ಮುಗಿದು, ಹತ್ತಿರದ ದೋಣಿ ಆಕಾಶಕ್ಕೆ ಏರಿದ್ದರೆ ಗಾತ್ರ ತಪ್ಪಿದೆ. ನೂರು ಸಲ ಬಣ್ಣ ತಿದ್ದಿದರೂ ಅದು ಆಟಿಕೆಯೇ.

ಪರೀಕ್ಷೆ ಮಾಡುವುದು ಸುಲಭ. ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಚಿತ್ರದ ಮೇಲಿಟ್ಟು ದಿಗಂತವನ್ನು ಮಾರ್ಕರಿನಲ್ಲಿ ಎಳೆಯಿರಿ. ಪ್ರತಿಯೊಬ್ಬರ ಕಾಲಿನಿಂದ ಆ ಗೆರೆಗೆ ಒಂದು ಕಡ್ಡಿ ಎಳೆಯಿರಿ. ಮನುಷ್ಯ ಆ ಕಡ್ಡಿಯ ಎಷ್ಟು ಪಾಲು ಅಂತ ನೋಡಿ. ಒಂದೇ ಮಟ್ಟದಲ್ಲಿ ನಿಂತವರ ಪಾಲು ಒಂದೇ ಇರಬೇಕು.

ಗಾತ್ರ ಸರಿ ಇದ್ದೂ ಜನ ತೇಲುತ್ತಿದ್ದರೆ ಪಾದದ ಕೆಳಗೆ ನೋಡಿ. ಅಲ್ಲಿ ಕಪ್ಪು ಇಲ್ಲ, ಅಷ್ಟೇ. ಪಾದ ಮರಳಿಗೆ ತಾಗುವ ಕಡೆ ಸಣ್ಣದೊಂದು ಗಾಢ ಗೆರೆ ಬೇಕು. ಒದ್ದೆ ಮರಳಿನಲ್ಲಿ ಎರಡು ಬೇರೆ ಬೇರೆ ಸಂಗತಿ ಇರುತ್ತವೆ. ಪ್ರತಿಬಿಂಬ ಪಾದದಿಂದ ನೇರ ಕೆಳಗೆ ಬರುತ್ತದೆ. ನೆರಳು ಸೂರ್ಯನ ವಿರುದ್ಧ ದಿಕ್ಕಿಗೆ ಹೋಗುತ್ತದೆ. ಇವೆರಡನ್ನೂ ಕಲಸಿ ಒಂದು ಮಾಡಿದರೆ ಆಳು ಜಾರುತ್ತಾನೆ.

ಇನ್ನು ಮೈಯ ಭಾರ. ಒಮ್ಮೆ ಮಲ್ಪೆಯಲ್ಲಿ ಕೈರಂಪಣಿ (ದಡದಲ್ಲಿ ನಿಂತು ಕೈಯಿಂದ ಎಳೆಯುವ ದೊಡ್ಡ ಬಲೆ) ಎಳೆಯುವ ಚಿತ್ರ ಮಾಡುತ್ತಾ ಕೂತಿದ್ದೆ. ಬಲೆ ಎಳೆದು ಮುಗಿಸಿ ಬಂದ ಅಜ್ಜರೊಬ್ಬರು ಹಿಂದೆ ನಿಂತು ನೋಡಿದರು. ನಾನು ಬರೆದ ಆಳನ್ನು ತೋರಿಸಿ, "ಇವ ಬಲೆ ಎಳೆಯುದಲ್ಲ ಮಾರಾಯ, ಬಸ್ಸಿಗೆ ಕಾಯುದು" ಅಂದರು. ಆಮೇಲೆ ನನ್ನ ಚೀಲದ ಪಟ್ಟಿಯ ಒಂದು ತುದಿ ನನ್ನ ಕೈಗೆ ಕೊಟ್ಟು, ಇನ್ನೊಂದನ್ನು ತಾವು ಹಿಡಿದು ಹಿಂದಕ್ಕೆ ವಾಲಿದರು. ಹಿಮ್ಮಡಿ ಮರಳಿಗೆ ಇಳಿಯಿತು. ಹೆಬ್ಬೆರಳು ಮೇಲಕ್ಕೆದ್ದಿತು. ಮೊಣಕಾಲು ಮಡಚಿತ್ತು, ತೋಳು ಮಾತ್ರ ನೆಟ್ಟಗೆ. ಸೊಂಟ ಪಾದಕ್ಕಿಂತ ಒಂದು ಗೇಣು ಹಿಂದಿತ್ತು. ಹಗ್ಗ ಬಿಟ್ಟರೆ ಬಿದ್ದೇ ಬೀಳುವ ಭಂಗಿ. ನಾನು ಬರೆದಿದ್ದ ಐದೂ ಜನ ಹಗ್ಗ ಬಿಟ್ಟರೂ ಆರಾಮಾಗಿ ನಿಂತಿರುತ್ತಿದ್ದರು.

ಅಂದಿನಿಂದ ಹಗ್ಗ, ಹುಟ್ಟು, ಬುಟ್ಟಿ ಯಾವುದೇ ಇರಲಿ, ಅದನ್ನು ಬೆರಳಿನಿಂದ ಮುಚ್ಚಿ ನೋಡುತ್ತೇನೆ. ಅದಿಲ್ಲದೆಯೂ ಆಳು ಸಲೀಸಾಗಿ ನಿಂತಂತೆ ಕಂಡರೆ ಭಂಗಿ ಸುಳ್ಳು.

ತಲೆ ದೊಡ್ಡದಾಗುವುದು ಎಲ್ಲರೂ ಮಾಡುವ ತಪ್ಪು. 3 ಸೆಂಟಿಮೀಟರ್ ಎತ್ತರದ ಆಳಿಗೆ ತಲೆ 4 ಮಿಲಿಮೀಟರ್ ಸಾಕು. ಅದಕ್ಕೆ ಕಣ್ಣು, ಮೂಗು ಬೇಡ. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ಒಮ್ಮೆ ನೋಡಿ. ನಾಲ್ಕೈದು ಗೆರೆಯಲ್ಲಿ ಇಡೀ ಮೈ ಬಳುಕುತ್ತದೆ. ನಾವು ಮೂರು ಕೂದಲಿನ ಬ್ರಷ್ ಹಿಡಿದು ಲುಂಗಿಯ ಚೌಕಳಿ ಬರೆಯುತ್ತಾ ಕೂರುತ್ತೇವೆ.

## "ದೋಣಿ ನೀರಿನ ಮೇಲೆ ಅಂಟಿಸಿದ ಹಾಗಿದೆ"

ನೀರು ದೋಣಿಗೆ ತಾಗುವ ಗೆರೆ ನೋಡಿ. ಅದು ಒಂದೇ ದಪ್ಪದ, ಒಂದೇ ಕಪ್ಪಿನ ಗೆರೆಯಾಗಿದ್ದರೆ ದೋಣಿ ಸ್ಟಿಕ್ಕರ್. ಕೆಲವು ಕಡೆ ಗೆರೆ ನೀರಲ್ಲಿ ಕರಗಬೇಕು, ಕೆಲವು ಕಡೆ ಸಣ್ಣ ಅಲೆ ಮೇಲೆ ಹತ್ತಬೇಕು. ಬಟ್ಟೆ ಸುತ್ತಿದ ಬೆರಳಲ್ಲಿ ಎರಡು ಕಡೆ ಒರೆಸಿದರೂ ಸಾಕು, ಅರ್ಧ ರೋಗ ವಾಸಿ.

ಆಮೇಲೆ ಪ್ರತಿಬಿಂಬ. ತೆರೆ ಒಡೆಯುವ ತೆರೆದ ಕಡಲಿನಲ್ಲಿ ದೋಣಿಗೆ ಕನ್ನಡಿಯಂಥ ಪ್ರತಿಬಿಂಬ ಇರುವುದೇ ಇಲ್ಲ. ಅದು ಇರುವುದು ದಕ್ಕೆಯೊಳಗೆ (ಬೋಟು ಕಟ್ಟುವ ಬಂದರು), ಅಳಿವೆಯಲ್ಲಿ, ಹೊಳೆಯಲ್ಲಿ. ಮರವಂತೆಯಲ್ಲಿ ಹೆದ್ದಾರಿಯ ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ಹೊಳೆ. ರಸ್ತೆ ದಾಟಿ ಎರಡನ್ನೂ ನೋಡಿದರೆ ವ್ಯತ್ಯಾಸ ಐದು ನಿಮಿಷದಲ್ಲಿ ತಿಳಿಯುತ್ತದೆ. ಹೊಳೆಯ ದೋಣಿಯ ಪ್ರತಿಬಿಂಬವನ್ನು ಕಡಲ ದೋಣಿಯ ಕೆಳಗಿಟ್ಟರೆ ಅಂಟಿಸಿದಂತೆ ಕಾಣದೆ ಇನ್ನೇನು?

ಹೊಳೆಯದ್ದೇ ಚಿತ್ರವಾದರೆ, ಬಿಳಿ ದೋಣಿಯ ಪ್ರತಿಬಿಂಬ ದೋಣಿಗಿಂತ ತುಸು ಮಂಕಾಗಿರಲಿ. ಕಪ್ಪು ದೋಣಿಯದ್ದು ದೋಣಿಗಿಂತ ತುಸು ತಿಳಿಯಾಗಿರಲಿ. ಮತ್ತೆ, ಪ್ರತಿಬಿಂಬ ಅಂದರೆ ದೋಣಿಯ ತಲೆಕೆಳಗಾದ ನಕಲು ಅಲ್ಲ. ನೀರಿನ ಮಟ್ಟದಿಂದ ಮೇಲಕ್ಕೆ ನೋಡಿದರೆ ಏನು ಕಾಣುತ್ತದೋ ಅದು. ನಿಮಗೆ ದೋಣಿಯ ಒಳಗಿನ ಹಲಗೆ ಕಂಡರೂ ಪ್ರತಿಬಿಂಬದಲ್ಲಿ ಅದು ಕಾಣಬಾರದು.

ಇಷ್ಟಾದರೂ ದೋಣಿ ತಿರುಚಿದಂತಿದ್ದರೆ ತಪ್ಪು ಡ್ರಾಯಿಂಗಿನದ್ದು. ಬೇರೆ ಹಾಳೆಯಲ್ಲಿ, ದೋಣಿ ಇರುವ ಕೋನದಲ್ಲೇ ಒಂದು ಉದ್ದದ ಶೂ ಡಬ್ಬ ಬರೆಯಿರಿ. ಮುಂದಿನ ಮುಖಕ್ಕೆ ಮೂಲೆಯಿಂದ ಮೂಲೆಗೆ ಎರಡು ಗೆರೆ ಎಳೆದರೆ ನಡು ಸಿಗುತ್ತದೆ. ದೋಣಿಯ ಮೂತಿ ಆ ನಡುವಿನ ನೇರಕ್ಕೇ ಬರಬೇಕು. ಎರಡು ಅಂಚೂ ಅಲ್ಲಿಂದಲೇ ಬಾಗಿ ಹೋಗಬೇಕು. ಬಹುತೇಕ ಆಚೆ ಬದಿಯ ಅಂಚು ತಪ್ಪಿರುತ್ತದೆ, ಏಕೆಂದರೆ ಅದು ಅರ್ಧ ಮಾತ್ರ ಕಾಣುತ್ತದೆ, ಉಳಿದದ್ದನ್ನು ನಾವು ಊಹಿಸಿರುತ್ತೇವೆ. ಒಣಗಿದ ಚಿತ್ರದಲ್ಲಿ ಇದನ್ನು ತೇಪೆ ಹಾಕಿ ಸರಿಮಾಡುವುದು ಕಷ್ಟ. ಮೂತಿ ಒಂದು ಬೆರಳಗಲಕ್ಕಿಂತ ಜಾಸ್ತಿ ಆಚೀಚೆ ಇದ್ದರೆ ದೋಣಿಯನ್ನು ಅಳಿಸಿ ಮತ್ತೆ ಬರೆಯಿರಿ. ನನ್ನ ಮಾತು ನಂಬಿ, ಸಮಯ ಉಳಿಯುತ್ತದೆ.

## "ನೊರೆ ಹತ್ತಿಯ ಥರ, ಅಲೆ ಪ್ಲಾಸ್ಟಿಕ್ ಥರ"

ಒಂದು ಬಿಳಿ ಕಾಗದದ ತುಂಡನ್ನು ನೊರೆಯ ಪಕ್ಕ ಹಿಡಿಯಿರಿ. ನೊರೆಯೆಲ್ಲ ಕಾಗದದಷ್ಟೇ ಬಿಳಿ ಇದ್ದರೆ ಅದೇ ಕಾಯಿಲೆ. ನೊರೆಗೂ ಬೆಳಕಿನ ಕಡೆ, ನೆರಳಿನ ಕಡೆ ಇದೆ. ನೆರಳಿನ ಕಡೆ ನೀಲಿ-ಬೂದು, ಕೆಲವೊಮ್ಮೆ ನಸು ನೇರಳೆ. ಸಂಜೆ 5ಕ್ಕೆ ನಮ್ಮ ತೀರದಲ್ಲಿ ನಿಂತು ನೋಡಿ. ಸೂರ್ಯ ಎದುರಿಗೆ ಇರುತ್ತಾನೆ, ನಮ್ಮ ಕಡೆಗಿರುವ ನೊರೆಯ ಮುಖ ಆಕಾಶಕ್ಕಿಂತ ಮಂಕು. ಅಪ್ಪಟ ಬಿಳಿ ನೊರೆಯ ಮೇಲಂಚಿನಲ್ಲಿ, ದಾರದಷ್ಟು ಮಾತ್ರ. 40ಕ್ಕೆ 50 ಸೆಂಟಿಮೀಟರ್ ಕ್ಯಾನ್ವಾಸಿನಲ್ಲಿ ಅಪ್ಪಟ ಬಿಳಿಯನ್ನೆಲ್ಲ ಒಟ್ಟು ಮಾಡಿದರೆ ಎರಡು ಹೆಬ್ಬೆರಳಿನ ಉಗುರಿನಷ್ಟು ಆದರೆ ಸಾಕು.

ನೊರೆ ಮಂಕು ಅನ್ನಿಸಿದರೆ ಅದನ್ನು ಬಿಟ್ಟು ಪಕ್ಕದ ಒದ್ದೆ ಮರಳನ್ನು ಒಂದು ಮಟ್ಟ ಗಾಢ ಮಾಡಿ ನೋಡಿ. ನೊರೆ ತಾನಾಗಿ ಬೆಳಗುತ್ತದೆ.

ಅಲೆ ಪ್ಲಾಸ್ಟಿಕ್ ಆಗುವುದಕ್ಕೆ ಕಾರಣ ಇಡೀ ಅಲೆಗೆ ಒಂದೇ ಹಸಿರು ಬಳಿದಿರುವುದು. ಅಲೆ ನಮ್ಮ ಕಡೆಗೆ ಎದ್ದಾಗ ನಾವು ನೀರಿನೊಳಗೆ ನೋಡುತ್ತೇವೆ, ಆದ್ದರಿಂದ ಗಾಢ. ಅಲೆಯ ಹಿಂದಿನ ಚಪ್ಪಟೆ ನೀರು ಆಕಾಶವನ್ನು ತೋರಿಸುತ್ತದೆ, ಆದ್ದರಿಂದ ತಿಳಿ. ಮೇಲಂಚು ತೆಳುವಾದಲ್ಲಿ, ಸೂರ್ಯ ಅಲೆಯ ಹಿಂದೆ ಇದ್ದರೆ, ಬಾಟಲಿ ಗಾಜಿನ ಹಸಿರು. ಸೂರ್ಯ ನಿಮ್ಮ ಬೆನ್ನ ಹಿಂದೆ ಇದ್ದರೆ ಆ ಹೊಳೆಯುವ ಹಸಿರು ಇರುವುದಿಲ್ಲ.

ಆಕಾರದ ಬಗ್ಗೆ ಒಂದು ಮಾತು. ಅಲೆ ಒಡೆಯುವುದು ನೀರಿನ ಆಳ ಅಲೆಯ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಾಗ. ಅಂದರೆ 1 ಮೀಟರಿನ ಅಲೆ ಒಡೆಯುವ ಜಾಗದಲ್ಲಿ ನೀರು ಸುಮಾರು ಎದೆಮಟ್ಟ. ಅದರ ಮುಂದೆ ಪಾದ ಮುಳುಗುವಷ್ಟು ನೀರಿನಲ್ಲಿ ಮಕ್ಕಳು ಆಡುವುದು ಬರೆಯಬಹುದು, ಅದರ ಹಿಂದೆ ಬರೆದರೆ ತಪ್ಪು. ಮಲ್ಪೆಯಂಥ ನಿಧಾನ ಇಳಿಜಾರಿನಲ್ಲಿ ನೊರೆ ಅಲೆಯ ಮುಖದ ಮೇಲೆ ಜಾರಿ ಇಳಿಯುತ್ತದೆ. ಸುರುಳಿ ಸುತ್ತಿ ಬೀಳುವ ಅಲೆ ಕಡಿದಾದ ತೀರದ್ದು. ಸರ್ಫಿಂಗ್ ಫೋಟೋ ನೋಡಿ ಸುರುಳಿ ತಂದಿಟ್ಟರೆ ಊರಿನವರಿಗೆ ಏನೋ ಸರಿಯಿಲ್ಲ ಅನ್ನಿಸುತ್ತದೆ, ಏನು ಅಂತ ಹೇಳಲು ಬರುವುದಿಲ್ಲ.

## "ಎಲ್ಲ ಸರಿ ಇದೆ, ಆದರೂ ನಮ್ಮ ಕಡಲು ಅನ್ನಿಸಲ್ಲ"

ಗಡಿಯಾರ ಮತ್ತು ದಿಕ್ಸೂಚಿ, ಇವೇ ಇಲ್ಲಿ ಔಷಧ. ನಮ್ಮದು ಪಶ್ಚಿಮ ಕರಾವಳಿ. ಬೆಳಿಗ್ಗೆ ಬೆಳಕು ಘಟ್ಟದ ಕಡೆಯಿಂದ, ಅಂದರೆ ನಮ್ಮ ಬೆನ್ನಿನಿಂದ ಬರುತ್ತದೆ. ದೋಣಿಗಳ ನಮ್ಮ ಕಡೆಯ ಮುಖ ಬೆಳಗುತ್ತದೆ, ನೆರಳು ಕಡಲಿನ ಕಡೆಗೆ ಬೀಳುತ್ತದೆ. ಸಂಜೆ ಎಲ್ಲ ಉಲ್ಟಾ. ಪುರಿಯ ಇಲ್ಲವೇ ಚೆನ್ನೈಯ ಬೆಳಗಿನ ಫೋಟೋ ನೋಡಿ ಬರೆದು ಕೆಳಗೆ "ಮಲ್ಪೆ, ಮುಂಜಾವು" ಅಂತ ಬರೆದರೆ ಸೂರ್ಯ ಅರಬ್ಬಿ ಕಡಲಿನಲ್ಲಿ ಹುಟ್ಟಿದಂತಾಯಿತು. ಸ್ಪೇನಿನ ಸೊರೊಲ್ಲಾ ಬರೆದ ವಲೆನ್ಸಿಯಾ ತೀರವೂ ಪೂರ್ವಕ್ಕೆ ಮುಖ ಮಾಡಿದ್ದು. ಆತನ ಬೆಳಕನ್ನು ಕಲಿಯಿರಿ, ಆದರೆ ದಿಕ್ಕು ತಿರುಗಿಸಿಕೊಳ್ಳಿ.

ತಿಂಗಳೂ ಮುಖ್ಯ. ಮಳೆಗಾಲದ ಕಡಲು ನೀಲಿ ಅಲ್ಲ. ಹೊಳೆಗಳು ತಂದ ಮಣ್ಣು, ಕದಡಿದ ಮರಳು ಸೇರಿ ಚಹಾ ಬಣ್ಣ, ಬೂದು ಬಣ್ಣ. ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಜುಲೈಯ ಕಪ್ಪು ಮೋಡದ ಕೆಳಗೆ ಸಾಲಾಗಿ ಟ್ರಾಲ್ ಬೋಟು ಓಡಿಸಿದರೆ ಮೀನುಗಾರರ ಮನೆಯ ಮಕ್ಕಳೂ ನಗುತ್ತಾರೆ. ಬೋಟುಗಳನ್ನು ದಕ್ಕೆಯಲ್ಲಿ ಒತ್ತೊತ್ತಾಗಿ ಕಟ್ಟಿ ಹಾಕಿ. ಕಡಲಿಗೆ ಬೇಕಾದರೆ ನಾಡದೋಣಿ ಇಳಿಸಿ, ಅದೂ ಕಡಲು ಸ್ವಲ್ಪ ತಣಿದ ದಿನ.

## "ತೀರದಲ್ಲಿ ಚೆನ್ನಾಗಿತ್ತು, ಮನೆಗೆ ತಂದರೆ ಕತ್ತಲೆ"

ಬಿಸಿಲು ನೇರ ಕ್ಯಾನ್ವಾಸಿನ ಮೇಲೆ ಬಿದ್ದಿತ್ತು. ಆ ಬೆಳಕಿನಲ್ಲಿ ಎಲ್ಲ ಬಣ್ಣವೂ ಹೊಳೆಯುತ್ತದೆ, ನಾವು ಗಾಢ ಮಾಡುತ್ತಾ ಹೋಗುತ್ತೇವೆ. ಕ್ಯಾನ್ವಾಸೂ ಪ್ಯಾಲೆಟ್ಟೂ ಎರಡೂ ನೆರಳಲ್ಲಿರಲಿ. ಕಪ್ಪು ಕೊಡೆ ಒಳ್ಳೆಯದು. ನೀಲಿ ಕೊಡೆ ಹಿಡಿದರೆ ಇಡೀ ಚಿತ್ರಕ್ಕೆ ನೀಲಿ ಬೆಳಕು ಬೀಳುತ್ತದೆ, ಅದನ್ನು ಸರಿದೂಗಿಸಲು ಹೋಗಿ ಮರಳು ಕಿತ್ತಳೆಯಾಗುತ್ತದೆ. ಅಕ್ರಿಲಿಕ್ ಆದರೆ ಇನ್ನೊಂದು ಕಾರಣವೂ ಇದೆ, ಅದು ಒಣಗಿದಾಗ ತುಸು ಗಾಢವಾಗುತ್ತದೆ. ಹಾಳೆಯ ಮೇಲೆ ಒಂದು ಚುಕ್ಕೆ ಇಟ್ಟು ಒಣಗಿಸಿ ನೋಡಿ, ಆಮೇಲೆ ಚಿತ್ರಕ್ಕೆ ಹಾಕಿ.

## "ಬಣ್ಣ ಕೆಸರಾಗಿದೆ"

ಬ್ರಷ್ ತೊಳೆಯುವ ಡಬ್ಬದ ನೀರು ಇಲ್ಲವೇ ಟರ್ಪೆಂಟೈನ್ ಬದಲಿಸಿ. ಅರ್ಧಕ್ಕರ್ಧ ಜನರಿಗೆ ಇಷ್ಟೇ ಸಾಕು. ಆಮೇಲೂ ಕೆಸರಾದರೆ ಒಂದು ಮಿಶ್ರಣಕ್ಕೆ ಮೂರಕ್ಕಿಂತ ಜಾಸ್ತಿ ಬಣ್ಣ ಸೇರಿಸಬೇಡಿ. ಹಸಿ ಬಣ್ಣದ ಮೇಲೆ ಬ್ರಷ್ ಹಿಂದೆ-ಮುಂದೆ ಉಜ್ಜಬೇಡಿ. ಥೇಲೋ ನೀಲಿ ಇದ್ದರೆ ಹುಷಾರು, ಕಡಲೆ ಕಾಳಿನಷ್ಟು ಹಾಕಿದರೂ ಇಡೀ ಪ್ಯಾಲೆಟ್ ಅದರದ್ದೇ.

## ಒಣಗಿದ ಮೇಲೆ ಕಾಣುವ ತೊಂದರೆಗಳು

ಇವು ಕೈಯ ತಪ್ಪಲ್ಲ, ಸಾಮಾನಿನದ್ದು ಮತ್ತು ಹವೆಯದ್ದು.

ಗಾಢ ಜಾಗಗಳು ಮಂಕಾಗಿ, ಹೊಳಪಿಲ್ಲದೆ ತೇಪೆ ತೇಪೆಯಾಗಿದ್ದರೆ ಎಣ್ಣೆಯನ್ನು ಕೆಳಗಿನ ಪದರ ಹೀರಿಕೊಂಡಿದೆ. ಮುಟ್ಟಿದರೆ ಅಂಟದಷ್ಟು ಒಣಗಿದ ಮೇಲೆ, ಲಿನ್‌ಸೀಡ್ ಎಣ್ಣೆಯನ್ನು (ಅಗಸೆ ಎಣ್ಣೆ) ಬಟ್ಟೆಯಲ್ಲಿ ತೀರಾ ತೆಳುವಾಗಿ ಸವರಿ, ಉಳಿದದ್ದನ್ನು ಒಣ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಕೊನೆಯ ವಾರ್ನಿಷಿಗೆ ಮಾತ್ರ ಆರು ತಿಂಗಳಾದರೂ ಕಾಯಿರಿ.

ಬಟ್ಟೆಯಲ್ಲಿ ಸುತ್ತಿ ಅಟ್ಟದಲ್ಲಿಟ್ಟ ಚಿತ್ರದ ನೊರೆ ಹಳದಿಯಾಗಿದೆಯಾ? ಹೆದರಬೇಡಿ. ಲಿನ್‌ಸೀಡ್ ಎಣ್ಣೆ ಕತ್ತಲಲ್ಲಿ ಹಳದಿ ತಿರುಗುತ್ತದೆ. ಸುಡು ಬಿಸಿಲು ಬೀಳದ, ಒಳ್ಳೆ ಬೆಳಕಿರುವ ಜಾಗದಲ್ಲಿ ಒಂದೆರಡು ವಾರ ಇಡಿ. ಬಹುಪಾಲು ವಾಪಸು ಬರುತ್ತದೆ.

ಮೇಲ್ಮೈ ಹಾಲಿನ ಕೆನೆಯಂತೆ ಸುಕ್ಕಾಗಿದ್ದರೆ ಒಂದೇ ಸಲಕ್ಕೆ ಎಣ್ಣೆ ಜಾಸ್ತಿ ಹಾಕಿದ್ದೀರಿ. ಬಿರುಕು ಬಿಟ್ಟಿದ್ದರೆ ಎಣ್ಣೆ ಜಾಸ್ತಿ ಇದ್ದ ಪದರದ ಮೇಲೆ ಎಣ್ಣೆ ಕಡಿಮೆ ಇರುವ ಪದರ ಬಂದಿರಬಹುದು. ಮೇಲಿನದು ಬೇಗ ಒಣಗಿ, ಕೆಳಗಿನದು ಆಮೇಲೆ ಅಲುಗುತ್ತದೆ. ಕೆಳಗೆ ತೆಳು, ಮೇಲೆ ಜಿಡ್ಡು, ಈ ಕ್ರಮ ತಪ್ಪಬಾರದು. ಆದ ಬಿರುಕನ್ನು ಬಣ್ಣ ತುಂಬಿ ಮುಚ್ಚಬೇಡಿ, ಮತ್ತೆ ಬಾಯಿ ಬಿಡುತ್ತದೆ.

ನಮ್ಮ ಕಡೆ ಎಲ್ಲಕ್ಕಿಂತ ಸಾಮಾನ್ಯವಾದದ್ದು ಬೂಷ್ಟು. ಆಷಾಢ ಮುಗಿಯುವಷ್ಟರಲ್ಲಿ ಕ್ಯಾನ್ವಾಸಿನ ಬೆನ್ನಿಗೆ ಬೂದು, ಕಪ್ಪು ಚುಕ್ಕೆ ಬಂದಿರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಹರಡುತ್ತದೆ. ಮಳೆ ಬಿಟ್ಟ ದಿನ ಹೊರಗೆ ತಂದು, ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಬೆನ್ನಿನ ಕಡೆ ಮಾತ್ರ ಒಣ ಮೆತ್ತನೆ ಬ್ರಷ್ಷಿನಲ್ಲಿ ಉದುರಿಸಿ. ಮಳೆ ಬಡಿಯುವ ಪಶ್ಚಿಮದ ಗೋಡೆಗೆ ಚಿತ್ರ ನೇತುಹಾಕಬೇಡಿ. ಫ್ರೇಮಿನ ಹಿಂದಿನ ನಾಲ್ಕೂ ಮೂಲೆಗೆ ಬಾಟಲಿ ಬಿರಡೆಯ ಚೂರು ಅಂಟಿಸಿದರೆ ಗಾಳಿ ಆಡುತ್ತದೆ.

ಎಲ್ಲಿ ನಿಲ್ಲಿಸಬೇಕು? ಬಣ್ಣ ಹೊಪ್ಪಳೆಯಾಗಿ ಎದ್ದಿದ್ದರೆ, ಬೂಷ್ಟು ಬಣ್ಣದ ಮೇಲೇ ಬಂದಿದ್ದರೆ, ಕ್ಯಾನ್ವಾಸ್ ಹರಿದಿದ್ದರೆ, ಚಿತ್ರ ಅಜ್ಜನ ಕಾಲದ್ದಾಗಿದ್ದರೆ. ಫೆವಿಕಾಲ್ ತೆಗೆಯಬೇಡಿ. ಚಿತ್ರವನ್ನು ಮುಖ ಮೇಲಾಗಿ ಮಲಗಿಸಿ, ಉದುರಿದ ಚೂರುಗಳನ್ನು ಲಕೋಟೆಯಲ್ಲಿಟ್ಟು, ಸಂರಕ್ಷಣೆ ಬಲ್ಲವರಿಗೆ ತೋರಿಸಿ. ಬೆಂಗಳೂರಿನಲ್ಲಿ ಪರಂಪರೆ ಉಳಿಸುವ ಸಂಸ್ಥೆಯಾದ ಇನ್‌ಟ್ಯಾಕ್‌ನ ಕಲಾ ಸಂರಕ್ಷಣಾ ಕೇಂದ್ರ ಇದೆ. ಹಳೆ ಬಿಳಿ ಬಣ್ಣದಲ್ಲಿ ಸೀಸ ಇರಬಹುದು, ಮರಳು ಕಾಗದ ಹಾಕಿ ಉಜ್ಜಲೇಬೇಡಿ.

## ಜೀವಕ್ಕೆ ಸಂಬಂಧಿಸಿದ ಮಾತು

ಲಿನ್‌ಸೀಡ್ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅದು ಒಣಗುವಾಗ ಬಿಸಿಯಾಗಿ ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಬೆಂಕಿಕಡ್ಡಿಯೇ ಬೇಡ. ನೀರು ತುಂಬಿದ ಮುಚ್ಚಳದ ತಗಡಿನ ಡಬ್ಬಕ್ಕೆ ಹಾಕಿ. ಟರ್ಪೆಂಟೈನ್ ಇರುವ ಕೋಣೆಯಲ್ಲಿ ಊದುಬತ್ತಿ, ಸ್ಟವ್ ಬೇಡ. ಅದನ್ನು ಸಿಂಕಿಗೆ ಸುರಿಯಲೂ ಬೇಡಿ.

ಮಳೆಗಾಲದಲ್ಲಿ ಕಿಟಕಿ ಮುಚ್ಚಿ ಎಣ್ಣೆ ಬಣ್ಣ ಮಾಡುವವರಿಗೆ ತಲೆನೋವು, ತಲೆಸುತ್ತು ಬರುವುದು ಸಾಮಾನ್ಯ. ಅದು ಸುಸ್ತಲ್ಲ, ಹೊಗೆಯಂಥ ಆವಿ. ತಕ್ಷಣ ಹೊರಗೆ ಬನ್ನಿ. ಉಸಿರಾಟಕ್ಕೆ ಕಷ್ಟವಾದರೆ, ತಲೆನೋವು ಇಳಿಯದಿದ್ದರೆ ಡಾಕ್ಟರ ಹತ್ತಿರ ಹೋಗಿ, ಯಾವ ಡಬ್ಬ ಬಳಸಿದಿರಿ ಅಂತ ಹೇಳಿ. ಮಳೆಗಾಲದ ತಿಂಗಳುಗಳಲ್ಲಿ ಅಕ್ರಿಲಿಕ್ಕಿಗೆ ಬದಲಾಗುವುದು ವಾಸಿ. ಕ್ಯಾಡ್ಮಿಯಂ, ಕೋಬಾಲ್ಟ್ ಬಣ್ಣ ಬಳಸುವವರು ಬ್ರಷ್ಷನ್ನು ಬಾಯಲ್ಲಿಟ್ಟು ಚೂಪು ಮಾಡಬಾರದು.

ತೀರದಲ್ಲಿ ಕೂರುವಾಗ ಬೆನ್ನು ಕಡಲಿಗೆ ಹಾಕಬೇಡಿ. ಒದ್ದೆ ಬಂಡೆಯ ಮೇಲೆ ಸ್ಟ್ಯಾಂಡ್ ಇಡಬೇಡಿ, ಮಳೆಗಾಲದಲ್ಲಂತೂ ಬಂಡೆಯ ಹತ್ತಿರವೇ ಬೇಡ. ಕೆಂಪು ಬಾವುಟ ಹಾರಿಸಿದ್ದರೆ ಅವತ್ತು ಸ್ಕೆಚ್ ರಸ್ತೆಯ ಬದಿಯಿಂದ. ಅಲೆ ಕೊನೆಗೆ ಮುಟ್ಟಿದ ಒದ್ದೆ ಗುರುತು ನೋಡಿ, ಅದಕ್ಕಿಂತ ಹತ್ತು ಹೆಜ್ಜೆ ಮೇಲೆ ಕೂತರೂ ಉಬ್ಬರ ಏರುತ್ತಿದ್ದರೆ ಅರ್ಧ ಗಂಟೆಗೊಮ್ಮೆ ತಿರುಗಿ ಅಳೆಯಿರಿ.

ಗಾಳಿ ಬೀಸಿ ಹಸಿ ಬಣ್ಣಕ್ಕೆ ಮರಳು ಅಂಟಿಕೊಂಡರೆ ಕೀಳಲು ಹೋಗಬೇಡಿ, ಬಣ್ಣವೇ ಕಿತ್ತು ಬರುತ್ತದೆ. ಪೂರ್ತಿ ಒಣಗಿದ ಮೇಲೆ ಮೆತ್ತನೆ ಬ್ರಷ್ಷಿನಲ್ಲಿ ಉದುರಿದಷ್ಟು ಉದುರಿಸಿ. ಉಳಿದದ್ದು ಇರಲಿ. ಮೋನೆ 1870ರಲ್ಲಿ ಫ್ರಾನ್ಸಿನ ಟ್ರೂವಿಲ್ ತೀರದಲ್ಲಿ ಕೂತು ಬರೆದ ಒಂದು ಸಣ್ಣ ಚಿತ್ರ ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅದರ ಬಣ್ಣದಲ್ಲೂ ಆವತ್ತಿನ ಮರಳಿನ ಕಣಗಳು ಹಾಗೇ ಕೂತಿವೆ.